ನಿದ್ದೆ ಕೊಡುತ್ತಿದ್ದ ಲೈಬ್ರರಿ ಮಿಸ್

ಫೆಬ್ರವರಿ 11, ಬುಧವಾರ. ಸಂಜೆ 5.40ಕ್ಕೆ ಬರೆಯಲು ಕೂತೆ.

ನಮ್ಮ ಲೈಬ್ರರಿ ಮಿಸ್ ಅವರ ಎರಡು ಕಾಲಿನ ಕಾಲುಚೀಲಗಳು ಎಂದೂ ಒಂದೇ ಜೊತೆಯವಾಗಿರುತ್ತಿರಲಿಲ್ಲ. ಎಡಗಾಲಿಗೆ ಬೂದು ಬಣ್ಣದ್ದಾದರೆ ಬಲಗಾಲಿಗೆ ಹಳದಿ ಪಟ್ಟಿಯದು. ಮರುದಿನ ಒಂದು ಬಿಳಿ, ಒಂದು ನೀಲಿ. ಎಲ್ಲವೂ ಹುಡುಗರು ಪಿ.ಟಿ. ಪೀರಿಯಡ್ ಮುಗಿಸಿ ಮೈದಾನದಲ್ಲಿ ಮರೆತು ಬಿಟ್ಟುಹೋದಂಥವು. ಒಂದು ತಿಂಗಳು ಯಾರೂ ಬಂದು ಕೇಳದಿದ್ದರೆ ಅವರು ಒಗೆದು ತಾವೇ ಹಾಕಿಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಅದರ ಕೆಳಗೆ ಹೈಸ್ಕೂಲ್ ಹುಡುಗನ ಕಾಲುಚೀಲ, ಚೀಲದೊಳಗಿಂದ ಉಬ್ಬಿ ಕಾಣುವ ಕಾಲುಂಗುರ. ಚಪ್ಪಲಿಯನ್ನು ಲೈಬ್ರರಿಯ ಬಾಗಿಲ ಹೊರಗೇ ಬಿಟ್ಟು, ಆ ಕಾಲುಚೀಲದಲ್ಲಿ ಸದ್ದಿಲ್ಲದೆ ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದರು. ಹೊಸದಾಗಿ ಬಂದವರು ಅದನ್ನು ನೋಡಿ ನಗುತ್ತಿದ್ದರು. ಜನವರಿ ಬಂದ ಮೇಲೆ ಅದು ಯಾಕೆಂದು ಅವರಿಗೇ ತಿಳಿಯುತ್ತಿತ್ತು.

ನಮ್ಮ ಶಾಲೆ ಇದ್ದದ್ದು ಲಿಂಗರಾಜಪುರದಲ್ಲಿ, ರೈಲ್ವೆ ಹಳಿಗೆ ಹತ್ತಿರ. ಲೈಬ್ರರಿ ಎರಡನೇ ಮಹಡಿಯ ಕೊನೆಯ ಕೋಣೆ. ಐದು ಉದ್ದ ಮೇಜು, ಗೋಡೆಗೆ ಒತ್ತಿನಿಂತ ಬೀರುಗಳು, ಒಂದು ಮಣ್ಣಿನ ಹೂಜಿ, ಪಶ್ಚಿಮಕ್ಕೆ ಎರಡು ಕಿಟಕಿ. ಕಿಟಕಿಯಾಚೆ ಹೊಂಗೆ ಮರ. ಅದು ಎಲೆ ಉದುರಿಸಿ ಹೊಸದಾಗಿ ಚಿಗುರುವ ಹೊತ್ತಿಗೆ ಸರಿಯಾಗಿ ನಮ್ಮ ಕೊನೆಯ ಟರ್ಮ್. ಸಂಕ್ರಾಂತಿ ರಜೆ ಮುಗಿಸಿ ಬಂದರೆ ಟೈಮ್‌ಟೇಬಲ್‌ನಲ್ಲಿ ಪಿ.ಟಿ. ಇರುತ್ತಿರಲಿಲ್ಲ, ಡ್ರಾಯಿಂಗ್ ಇರುತ್ತಿರಲಿಲ್ಲ, ಲೈಬ್ರರಿ ಪೀರಿಯಡ್ಡೂ ಇರುತ್ತಿರಲಿಲ್ಲ. ಎಲ್ಲವನ್ನೂ ಗಣಿತ ಮತ್ತು ವಿಜ್ಞಾನ ಹಂಚಿಕೊಂಡುಬಿಡುತ್ತಿದ್ದವು. ಬೇರೆ ಶಾಲೆಗಳಲ್ಲಿ ಆ ತಿಂಗಳುಗಳಲ್ಲಿ ಲೈಬ್ರರಿಗೆ ಬೀಗ ಬೀಳುತ್ತದೆಂದು ಗೆಳತಿಯರು ಹೇಳುತ್ತಿದ್ದರು. ನಮ್ಮ ಮಿಸ್ ಮಾತ್ರ ಊಟದ ಬೆಲ್ ಆದ ಕೂಡಲೇ ಎರಡೂ ಬಾಗಿಲು ತೆರೆದಿಡುತ್ತಿದ್ದರು.

ಆ ಟರ್ಮಿನಲ್ಲಿ ಲೈಬ್ರರಿಯಲ್ಲಿ ಏನೇನು ಸಿಗುತ್ತಿತ್ತು ಎಂದು ಯಾರಾದರೂ ಕೇಳಿದರೆ ಹೇಳಬಲ್ಲೆ. ದಾರದಲ್ಲಿ ಕಟ್ಟಿಟ್ಟ ಹಳೆಯ ಪ್ರಶ್ನೆಪತ್ರಿಕೆಗಳು. ಲಾವಂಚದ ಬೇರು ಹಾಕಿದ ಹೂಜಿಯ ನೀರು. ಪಠ್ಯಪುಸ್ತಕದಂತೆಯೇ ಬ್ರೌನ್ ಶೀಟಿನ ಬೈಂಡ್ ಹಾಕಿದ ಕಥೆಪುಸ್ತಕಗಳು. ‘ಪರೀಕ್ಷೆ ಹೊತ್ತಲ್ಲಿ ಕಥೆ ಓದ್ತೀಯಾ’ ಎಂದು ಬೈಯುವ ಅಪ್ಪ ಅಮ್ಮಂದಿರಿರುವ ಮಕ್ಕಳಿಗಾಗಿ. ಮತ್ತೆ, ನಿದ್ದೆ.

ತಮಾಷೆಗೆ ಹೇಳುತ್ತಿಲ್ಲ. ಅಲ್ಲಿ ಮಲಗಲು ಒಂದು ಪದ್ಧತಿಯೇ ಇತ್ತು. ಮೊದಲು ಬೀರುವಿನಿಂದ ಒಂದು ಪುಸ್ತಕ ಆರಿಸಿಕೊಳ್ಳಬೇಕು, ಯಾವುದಾದರೂ ಸರಿ. ಮೇಜಿನ ಮೇಲೆ ಅದನ್ನು ತೆರೆದಿಡಬೇಕು. ಆಮೇಲೆ ಎಷ್ಟು ಗಂಟೆಗೆ ಎಬ್ಬಿಸಬೇಕೆಂದು ತಲೆಯ ಮುಂದೆ ಮೇಜಿನ ಮೇಲೇ ಚಾಕ್‌ಪೀಸಿನಲ್ಲಿ ಬರೆದು, ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗಬಹುದು. ಆ ಹೊತ್ತಿಗೆ ಸರಿಯಾಗಿ ಮಿಸ್ ಬಂದು ಚಾಕ್‌ಪೀಸ್ ಗುರುತಿನ ಪಕ್ಕ ಬೆರಳಗಂಟಿನಿಂದ ಎರಡು ಸಲ ತಟ್ಟುತ್ತಿದ್ದರು. ಮಗುವನ್ನು ಮುಟ್ಟುತ್ತಿರಲಿಲ್ಲ, ಹೆಸರು ಹಿಡಿದು ಕೂಗುತ್ತಿರಲಿಲ್ಲ. ಎದ್ದವರು ಡಸ್ಟರಿನಿಂದ ತಮ್ಮ ಟೈಮ್ ಅಳಿಸಿ ಹೋಗಬೇಕು. ಅಷ್ಟೆ.

ಒಮ್ಮೆ ಯಾರೋ ಕೇಳಿದರು: “ಮಿಸ್, ಅರ್ಧ ಗಂಟೆ ಜಾಸ್ತಿ ಬರೆದುಬಿಟ್ರೆ?”

“ನೀವು ಬರೆದ ಟೈಮೇ ಟೈಮು. ನಿಮ್ಮ ನಿದ್ದೆ ಒಳಗೆ ನಾನ್ಯಾಕೆ ತಲೆ ಹಾಕ್ಲಿ?”

ನಾನು ಅಲ್ಲಿಗೆ ಸೇರಿದ್ದು ಹತ್ತನೇ ತರಗತಿಯ ಜನವರಿಯಲ್ಲಿ. ಆ ವರ್ಷ ನಮ್ಮಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅಪ್ಪ ರಾತ್ರಿ ಪಾಳಿಯಲ್ಲಿ ಕ್ಯಾಬ್ ಓಡಿಸುತ್ತಿದ್ದರು. ಅಜ್ಜಿಯನ್ನು ಹೊರಳಿಸಲು, ನೀರು ಕೊಡಲು ಅಮ್ಮನೂ ನಾನೂ ಸರದಿಯಲ್ಲಿ ಏಳುತ್ತಿದ್ದೆವು. ಎರಡನೇ ವಾರಕ್ಕೆ ನಾನು ಗಣಿತದ ಪೀರಿಯಡ್ಡಿನಲ್ಲಿ ಬೆಂಚಿನ ಮೇಲೆ ಒರಗಿ ಗೊರಕೆ ಹೊಡೆದೆನಂತೆ. ಸಾರ್ ಎಬ್ಬಿಸಿ ವರಾಂಡದಲ್ಲಿ ನಿಲ್ಲಿಸಿದರು. ಕಂಬಕ್ಕೆ ಆತು ನಿಂತಲ್ಲೇ ಮತ್ತೆ ಕಣ್ಣು ಮುಚ್ಚುತ್ತಿದ್ದಾಗ ಪುಸ್ತಕದ ಕಟ್ಟು ಹೊತ್ತ ಮಿಸ್ ಎದುರು ಬಂದರು.

“ಏನಮ್ಮಾ, ಆಚೆ ನಿಲ್ಸಿದ್ರಾ?”

“ಹೂಂ ಮಿಸ್.”

“ಏನ್ ಮಾಡ್ದೆ?”

“ಮಲಗಿಬಿಟ್ಟೆ ಮಿಸ್.”

“ಕ್ಲಾಸಲ್ಲಾ? ಅಲ್ಲಿ ಬೆಂಚು ಸರಿ ಇಲ್ಲ ಕಣೇ, ಕತ್ತು ಹಿಡ್ಕೊಳ್ಳುತ್ತೆ. ಊಟದ ಬೆಲ್ ಆದ್ಮೇಲೆ ಮೇಲಕ್ಕೆ ಬಾ.”

ಹೋದೆ. ಯಾಕೆ ನಿದ್ದೆಯಿಲ್ಲ ಎಂದು ಅವರು ಆ ದಿನ ಕೇಳಲಿಲ್ಲ. ನಾಲ್ಕನೆಯ ದಿನ, ನಾನು ಎದ್ದು ಡಸ್ಟರ್ ಹಿಡಿದಿದ್ದಾಗ ಕೇಳಿದರು. ಅಜ್ಜಿಯ ವಿಷಯ ಹೇಳಿದೆ. ಅಂದಿನಿಂದ ಶಾಲೆಯ ಕೊನೆಯ ದಿನದವರೆಗೂ ನನ್ನನ್ನು ಕಂಡಾಗ ಅವರ ಮೊದಲ ಮಾತು “ಅಜ್ಜಿ ಹೆಂಗಿದಾರೆ?” ಎಂಬುದೇ.

ನನಗೆ ಆಗಲೇ ಡೈರಿ ಬರೆಯುವ ಅಭ್ಯಾಸವಿತ್ತು. ಎಷ್ಟು ಹೊತ್ತು ಓದಿದೆ, ಎಷ್ಟು ಹೊತ್ತು ಮಲಗಿದೆ ಎಂದು ದಿನವೂ ಕೂಡಿಸಿ ಬರೆಯುತ್ತಿದ್ದೆ. ಅದನ್ನು ನೋಡಿ ಅವರು ನನಗೆ ಲೆಕ್ಕದಮ್ಮ ಎಂದು ಹೆಸರಿಟ್ಟರು. “ಏನ್ ಲೆಕ್ಕದಮ್ಮಾ, ನಿದ್ದೆ ಖಾತೆಗೆ ಇವತ್ತು ಎಷ್ಟು ಜಮಾ?” ಎನ್ನುತ್ತಿದ್ದರು. ನಿದ್ದೆಗೆಟ್ಟು ಓದುತ್ತೇನೆ ಎಂದು ಜಂಭ ಕೊಚ್ಚಿಕೊಳ್ಳುವವರಿಗೆ ಅವರ ಬಳಿ ಒಂದೇ ಉತ್ತರ: “ಕಣ್ಣು ಉರೀತಿರುವಾಗ ಅಕ್ಷರ ಒಳಗೆ ಬರಲ್ಲಪ್ಪ. ಹೊಸ್ತಿಲಲ್ಲೇ ನಿಂತ್ಕೊಂಡು ಚಪ್ಪಲಿ ಹುಡುಕ್ತಿರುತ್ತೆ.”

ಅಜ್ಜಿಗೆ ಬೇಗ ನಿದ್ದೆ ಬಂದರೆ ನನಗೂ ಬರುತ್ತದೆ ಎನ್ನುವುದು ಅವರ ತರ್ಕ. “ನಿದ್ದೆ ಬರ್ಸೋ ಪುಸ್ತಕ ಬೇಕಾ? ನಮ್ಮಲ್ಲಿ ಅದಕ್ಕೇನು ಬರ ಇಲ್ಲ,” ಎಂದು ಕೆಳಗಿನ ಬೀರುವಿನಿಂದ ಧೂಳು ಹಿಡಿದ ಒಂದು ಪುಸ್ತಕ ತೆಗೆದುಕೊಟ್ಟರು. ಒಣಬೇಸಾಯ ಮತ್ತು ನೀರಾವರಿಯ ಬಗ್ಗೆ ಯಾವುದೋ ಇಲಾಖೆಯವರು ಅಚ್ಚು ಹಾಕಿಸಿದ್ದು. “ಮೂರು ಪುಟ ಓದು. ನಾಲ್ಕನೇದು ಇಲ್ಲಿವರೆಗೆ ಯಾರೂ ನೋಡಿಲ್ಲ.”

ಆದರೆ ನಮ್ಮಜ್ಜಿ ಹೊರಮಾವಿನವರು. ಅಲ್ಲಿ ಅಪಾರ್ಟ್‌ಮೆಂಟುಗಳು ಏಳುವ ಮೊದಲು ಅವರ ತವರಿನವರು ರಾಗಿ, ಅವರೆ ಬೆಳೆದವರು. ಸಂಜೆ ದೀಪ ಹಚ್ಚಿ ಓದತೊಡಗಿದರೆ ಅಜ್ಜಿ ಮಲಗುವುದಿರಲಿ, ತಲೆದಿಂಬಿನ ಮೇಲೆ ತಲೆಯೆತ್ತಿ ಜಗಳಕ್ಕೇ ನಿಂತರು. “ರಾಗಿಗೆ ಯಾವನಾದ್ರೂ ಇಷ್ಟು ನೀರು ಕಟ್ತಾನೇನೇ? ಬರೆದವನು ಹೊಲ ನೋಡವ್ನಾ? ಓದು, ಓದು, ಇನ್ನೇನು ಬೊಗಳವ್ನೆ ನೋಡೋಣ.” ಹನ್ನೆರಡು ಪುಟ ಓದಿಸಿದರು. ಬಿದ್ದ ಮೇಲೆ ಮೊದಲ ಸಲ ಅಷ್ಟು ಮಾತಾಡಿದ್ದರು.

ಮರುದಿನ ಇದನ್ನು ಹೇಳಿದಾಗ ಮಿಸ್ ಮೇಜಿನ ಅಂಚು ಹಿಡಿದುಕೊಂಡು, ಮಲಗಿದ್ದವರಿಗೆ ಕೇಳಿಸದಂತೆ ಬಾಯಿಗೆ ಸೆರಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ತಪ್ಪು ಔಷಧಿ ಕೊಟ್ಬಿಟ್ಟೆ ಕಣೇ,” ಎಂದರು. ಆಮೇಲೆ, “ಆದ್ರೂ ಆ ಪುಸ್ತಕ ವಾಪಸ್ ತರ್ಬೇಡ. ಇಷ್ಟು ವರ್ಷಕ್ಕೆ ಅದಕ್ಕೆ ಸರಿಯಾದ ಓದುಗರು ಸಿಕ್ಕಿದ್ದಾರೆ.”

ಇನ್ನು ಫೆಬ್ರವರಿಯ ಒಂದು ದಿನದ ಮಾತು.

ಆ ತಿಂಗಳು ಹತ್ತನೇ ತರಗತಿಗೆ ದಿನವೂ ಒಂದು ಗಂಟೆಯ ಟೆಸ್ಟ್. ಒಬ್ಬೊಬ್ಬರನ್ನೇ ದೂರದೂರ ಕೂರಿಸಲು ಕೊಠಡಿ ಸಾಲದೆ ‘ಎ’ ಸೆಕ್ಷನ್‌ಗೆ ಒಂದೂವರೆಗೆ, ‘ಬಿ’ ಸೆಕ್ಷನ್‌ಗೆ ಎರಡೂವರೆಗೆ ಇಟ್ಟಿದ್ದರು. ನಾನು ‘ಎ’. ಹಾಗಾಗಿ ಮೇಜಿನ ಮೇಲೆ 1.15 ಎಂದು ಬರೆದು ಮಲಗಿದೆ. ನಮ್ಮ ಸೆಕ್ಷನ್ನಿನಲ್ಲೇ ಸ್ಟೀಫನ್ ಎಂಬ ಹುಡುಗನಿದ್ದ. ಯಾರ ಟಿಫಿನ್ ಡಬ್ಬಿಯಲ್ಲಾದರೂ ಕಲ್ಲು ಸಿಕ್ಕರೆ ಅದು ಅವನ ಕೆಲಸವೆಂದು ಎಲ್ಲರಿಗೂ ಗೊತ್ತು. ಟೆಸ್ಟಿಗೆ ಹೊರಡುವ ಮೊದಲು ಅವನು ನನ್ನ ಮೇಜಿನ ಮೇಲಿನ 1.15ರ ಮೊದಲ 1 ಅಳಿಸಿ 2 ಮಾಡಿ ಹೋಗಿದ್ದ. ನಾನು ಐದು ನಿಮಿಷ ಗಾಬರಿಯಾಗುವುದನ್ನು ನೋಡಬೇಕೆಂದಷ್ಟೇ ಅವನ ಆಸೆ. ಆದರೆ ಮಿಸ್ ಚಾಕ್‌ಪೀಸಿನಲ್ಲಿ ಬರೆದಿದ್ದನ್ನು ನಂಬುವವರು. 2.15 ಎಂದಿದ್ದರಿಂದ, ಮುಖ ಆ ಕಡೆ ತಿರುಗಿಸಿ ಮಲಗಿದ್ದ ನನ್ನನ್ನು ‘ಬಿ’ ಸೆಕ್ಷನ್ನಿನ ಮಗು ಎಂದುಕೊಂಡು ಮುಂದಿನ ಮೇಜಿಗೆ ಹೋದರು.

ನನಗೆ ಎಚ್ಚರವಾದದ್ದು ಜೋರು ದನಿಯೊಂದಕ್ಕೆ. ಬಾಗಿಲಲ್ಲಿ ಹೆಡ್ ಮೇಡಂ, ಗಣಿತದ ಸಾರ್, ಜೊತೆಗೆ ಅಂದು ಶಾಲೆ ನೋಡಲು ಬಂದಿದ್ದ ಕಮಿಟಿಯ ಹಿರಿಯರೊಬ್ಬರು. ಟೆಸ್ಟಿನಲ್ಲಿ ಒಂದು ಜಾಗ ಖಾಲಿ ಕಂಡು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅವರ ಮುಂದೆ ಐದು ಮೇಜುಗಳ ಮೇಲೆ ತಲೆಯಿಟ್ಟು ಮಲಗಿದ ಹನ್ನೆರಡು ಮಕ್ಕಳು.

“ಇದೇನ್ರೀ ಇದು?” ಎಂದರು ಕಮಿಟಿಯವರು. “ಲೈಬ್ರರಿನೋ, ರೈಲ್ವೆ ವೈಟಿಂಗ್ ರೂಮೋ?”

ಮಿಸ್ ತುಟಿಯ ಮೇಲೆ ಬೆರಳಿಟ್ಟರು. “ಸ್ವಲ್ಪ ಮೆತ್ತಗೆ ಸಾರ್. ಎರಡೂಕಾಲಿಗೆ ಏಳೋರಿದ್ದಾರೆ.”

“ಓದೋ ಜಾಗದಲ್ಲಿ ಮಲಗಿಸ್ತೀರಾ?”

“ಎಲ್ಲರ ತಲೆ ಕೆಳಗೂ ಪುಸ್ತಕ ಇದೆ, ನೋಡಿ ಸಾರ್.”

“ಟೆಸ್ಟ್ ಬಿಟ್ಟು ಒಬ್ಳು ಇಲ್ಲಿ ಮಲಗಿದಾಳೆ,” ಎಂದರು ಹೆಡ್ ಮೇಡಂ, ನನ್ನತ್ತ ಕೈತೋರಿಸಿ. “ನಿಮಗೆ ತಮಾಷೆನಾ?”

ಮಿಸ್ ಮುಖದ ನಗು ಹೋಯಿತು. ನನ್ನ ಮೇಜಿನ ಹತ್ತಿರ ಬಂದು ಆ 2.15ನ್ನು ನೋಡಿದರು. ಸಾಕಷ್ಟು ಹೊತ್ತು ನೋಡಿದರು. ಆಮೇಲೆ ನಾನು ಬಾಯಿ ತೆರೆಯುವ ಮೊದಲೇ ಡಸ್ಟರ್ ತೆಗೆದುಕೊಂಡು ಒರೆಸಿಬಿಟ್ಟರು.

“ತಪ್ಪು ನಂದು ಮೇಡಂ. ನಾನು ಎಬ್ಬಿಸ್ಲಿಲ್ಲ.” ನನಗೆ ಮೆಲ್ಲಗೆ ಹೇಳಿದರು, “ಓಡು. ಮುಖ ತೊಳ್ಕೊಂಡು ಓಡು. ಚಿಕ್ಕ ಪ್ರಶ್ನೆಗಳನ್ನ ಮೊದಲು ಬರಿ.”

ಸಂಜೆ ಮತ್ತೆ ಮೇಲೆ ಹೋದಾಗ ಲೈಬ್ರರಿಗೆ ಬೀಗ ಬಿದ್ದಿತ್ತು. ಪರೀಕ್ಷೆ ಮುಗಿಯುವವರೆಗೆ ತೆರೆಯಬಾರದೆಂದು ಹೆಡ್ ಮೇಡಂ ಆಜ್ಞೆ. ಮಿಸ್ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

“ಮಿಸ್, ನಾನು 1.15 ಅಂತಾನೇ ಬರೆದಿದ್ದೆ.”

“ಗೊತ್ತು ಕಣೇ. ನೀನು ಟೈಮ್ ತಪ್ಪು ಬರೆದ್ರೆ ಗಡಿಯಾರಾನೇ ತಿದ್ಕೋಬೇಕು.”

“ಹಂಗಾದ್ರೆ ಯಾರು ಮಿಸ್ ಅದನ್ನ...”

“ಟೆಸ್ಟ್ ಹೆಂಗಾಯ್ತು ಹೇಳು,” ಎಂದರು.

ಅವರ ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಮಾರ್ಚಿನಲ್ಲಿ ಮುಂದಿನ ವರ್ಷಕ್ಕೆ ಹೊಸ ಆರ್ಡರ್ ಕೊಡಬೇಕು, ಕೊಡುವವರು ಅದೇ ಕಮಿಟಿ. ಇದನ್ನು ನಮಗೆ ಹೇಳಿದವರು ಶಾಲೆಯ ಅಟೆಂಡರ್ ಅಣ್ಣ. “ಸುಮ್ನೆ ಇರೋಕೆ ಹೇಳ್ರಮ್ಮಾ ಆ ಅಮ್ಮಂಗೆ. ಒಂದು ತಿಂಗಳು ಸುಮ್ನೆ ಇದ್ರೆ ಎಲ್ಲಾ ಮರೆತೋಗ್ತಾರೆ,” ಎಂದರು.

ಮರುದಿನ ಊಟದ ಬೆಲ್ ಆಯಿತು. ಅಭ್ಯಾಸಬಲದಿಂದ ಮೇಲೆ ಹತ್ತಿದರೆ ಬೀಗ ಹಾಕಿದ ಬಾಗಿಲ ಮುಂದೆ, ಮೆಟ್ಟಿಲು ತಿರುಗುವ ಅಗಲ ಜಾಗದಲ್ಲಿ, ಹೂಜಿ ಇತ್ತು. ಪ್ರಶ್ನೆಪತ್ರಿಕೆಯ ಕಟ್ಟುಗಳಿದ್ದವು. ಬೀಗ ಬೀಳುವ ಮೊದಲೇ ಎತ್ತಿಟ್ಟಿದ್ದ ಬ್ರೌನ್ ಶೀಟಿನ ಪುಸ್ತಕಗಳು ಗೋಡೆಗೆ ಸಾಲಾಗಿ ಒರಗಿದ್ದವು. ಗುಡಿಸಿ ಒರೆಸಿದ ನೆಲದ ಮೇಲೆ ಎರಡು ಜಮಖಾನ. ನಡುವೆ ಮಿಸ್.

“ಅಮ್ಮಾ, ಹೆಡ್ ಮೇಡಂ ಕೇಳಿದ್ರೆ ನಾನೇನ್ ಹೇಳ್ಲಿ?” ಎಂದು ಅಟೆಂಡರ್ ಅಣ್ಣ ಕೆಳಗಿನಿಂದ ಪಿಸುಗುಟ್ಟಿದರು.

“ಲೈಬ್ರರಿಗೆ ಬೀಗ ಹಾಕಿದೆ ಅಂತ ಹೇಳಣ್ಣಾ. ನಿಜ ತಾನೇ?”

ಮೊದಲ ದಿನ ಮೂರೇ ಜನ ಬಂದೆವು. ಗೋಡೆಗೆ ಒರಗಿ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಪಕ್ಕದ ನೆಲದ ಮೇಲೆ ಟೈಮ್ ಬರೆದು ಮಲಗಿದೆವು. ಎರಡನೆಯ ದಿನ ಸ್ಟೀಫನ್ ಬಂದ. ಮಲಗಲಿಲ್ಲ, ಕೂರಲೂ ಇಲ್ಲ. ನಾನು ಕಣ್ಣು ಮುಚ್ಚಿದ್ದೆ, ಆದರೆ ನಿದ್ದೆ ಬಂದಿರಲಿಲ್ಲ.

“ಮಿಸ್, ಅವತ್ತು ನಾನೇ...”

“ಗೊತ್ತು. ನಿನ್ನ ಎರಡಕ್ಕೆ ಮಾತ್ರ ಬಾತುಕೋಳಿ ಥರ ಕೊಕ್ಕಿರುತ್ತೆ.”

“ಅವತ್ತೇ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ ಮಿಸ್?” ಅವನ ದನಿ ಒಡೆಯಿತು. “ನಾನೇ ಹೋಗಿ ಹೆಡ್ ಮೇಡಂಗೆ ಹೇಳ್ಬಿಡ್ತೀನಿ.”

“ಹೇಳಿದ್ರೆ ಬೀಗ ತೆಗೀತಾರೇನೋ? ಪರೀಕ್ಷೆ ಇನ್ನೊಂದು ತಿಂಗಳಿದೆ ಅನ್ನೋವಾಗ ನಿನ್ನ ಕೈಗೆ ಟಿ.ಸಿ. ಕೊಡ್ತಾರೆ. ನಂದು ಆರ್ಡರ್ ಹೋದ್ರೆ ಇನ್ನೊಂದು ಕಡೆ ಹುಡುಕ್ತೀನಿ. ನಿಂಗೆ ಹತ್ತನೇ ಕ್ಲಾಸು ಇನ್ನೊಂದು ಕಡೆ ಸಿಗಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದರು, “ಲೋ ಬಾತುಕೋಳಿ, ಅಳ್ಬೇಡ. ಮಲಗಿರೋರು ಎದ್ದುಬಿಡ್ತಾರೆ. ಹೋಗಿ ಕೆಳಗಿನ ಮೆಟ್ಟಿಲಲ್ಲಿ ನಿಂತ್ಕೋ. ಬೂಟ್ಸ್ ಹಾಕ್ಕೊಂಡು ದಡದಡ ಹತ್ತೋರಿಗೆ ಮೆತ್ತಗೆ ಬನ್ನಿ ಅಂತ ಹೇಳು.”

ಮಾರ್ಚಿನ ಎರಡನೇ ವಾರದವರೆಗೂ ಅವನು ದಿನವೂ ಅಲ್ಲಿ ನಿಂತ. ಬರುವವರು ಮೂರರಿಂದ ಇಪ್ಪತ್ತಾದರು. ಒಂದು ಮಧ್ಯಾಹ್ನ ಹೆಡ್ ಮೇಡಂ ಅರ್ಧ ಮೆಟ್ಟಿಲು ಹತ್ತಿ ಬಂದರು. ಗೋಡೆಯುದ್ದಕ್ಕೂ ಮಲಗಿದವರನ್ನೂ, ನಡುವೆ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದವರನ್ನೂ ನೋಡುತ್ತ ನಿಂತರು. ಮಿಸ್ ಎದ್ದು ನಿಂತರು. ಹೆಡ್ ಮೇಡಂ ಬಂದಂತೆಯೇ, ಹಿಮ್ಮಡಿ ಸದ್ದು ಮಾಡದ ಹಾಗೆ, ಇಳಿದು ಹೋದರು. ಆರ್ಡರ್ ಸಿಗುತ್ತದೆ ಎಂದು ನಾವೆಲ್ಲ ಅಂದೇ ತೀರ್ಮಾನಿಸಿದೆವು.

ಪರೀಕ್ಷೆಗೆ ಮೊದಲಿನ ಕೊನೆಯ ಮಧ್ಯಾಹ್ನ ನಾನು ಮಲಗಲಿಲ್ಲ. ಅವರ ಪಕ್ಕ ಕೂತು ಸಮಾಜ ವಿಜ್ಞಾನ ಓದಿದೆ. ಗಾಳಿಗೆ ಹಾರಿಬಂದ ಹೊಂಗೆ ಹೂವು ಪುಟದ ಮೇಲೆ ಬಿದ್ದಾಗೆಲ್ಲ ಅವರು ಒಂದೊಂದಾಗಿ ತೆಗೆದು ಪಕ್ಕಕ್ಕಿಡುತ್ತಿದ್ದರು. ಹೊರಡುವಾಗ ಹೇಳಿದರು: “ಪರೀಕ್ಷೆ ದಿನ ಬೆಳಿಗ್ಗೆ ಎದ್ದು ಹೊಸದೇನೂ ಓದ್ಬೇಡ. ಅಜ್ಜಿ ಕೈಲಿ ಒಂದು ಸಲ ತಲೆ ಸವರಿಸ್ಕೊಂಡು ಬಾ. ಸಾಕು.”

ಹಾಗೇ ಮಾಡಿದೆ.

ಜೂನಿನಲ್ಲಿ ಅಂಕಪಟ್ಟಿ ತರಲು ಹೋದಾಗ ಮೊದಲು ಎರಡನೇ ಮಹಡಿಗೇ ಓಡಿದೆ. ಬೀಗ ತೆಗೆದಿತ್ತು. ಒಳಗೆ ಮೇಜುಗಳಿರಲಿಲ್ಲ. ಗೋಡೆಗೆ ಹೊಸ ಬಣ್ಣ, ಸಾಲಾಗಿ ಕಂಪ್ಯೂಟರ್, ಆನ್‌ಲೈನ್ ಟೆಸ್ಟಿನ ಕೊಠಡಿ ಎಂದು ಬೋರ್ಡು. ಆರ್ಡರ್ ಕೊಡಲಿಲ್ಲ, ಏಪ್ರಿಲ್‌ನಲ್ಲೇ ಹೋದರು ಎಂದರು ಅಟೆಂಡರ್ ಅಣ್ಣ. “ಹೋಗೋ ದಿನ ನಿಮ್ಮ ಬ್ಯಾಚಿನ ಒಬ್ಬೊಬ್ಬರ ಹೆಸರು ಹೇಳಿ, ಪಾಸಾಗ್ತಾರೆ ಬಿಡಿ ಅಣ್ಣಾ ಅಂದ್ರು.” ಅವರ ಹಳೆಯ ನಂಬರಿಗೆ ಕರೆ ಮಾಡಿದರೆ ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದಿತು. ಇವತ್ತಿಗೂ ಹಾಗೇ ಎನ್ನುತ್ತದೆ. ವರ್ಷಕ್ಕೊಮ್ಮೆಯಾದರೂ ಮಾಡಿ ನೋಡುತ್ತೇನೆ.

ಅಜ್ಜಿ ಅದರ ಮುಂದಿನ ವರ್ಷ ತೀರಿಕೊಂಡರು. ನೀರಾವರಿಯ ಪುಸ್ತಕ ನನ್ನಲ್ಲೇ ಉಳಿಯಿತು. ನಾನೀಗ ಹಲಸೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತೇನೆ. ಸ್ಟೀಫನ್ ಬಾಣಸವಾಡಿಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಂಡಾಗ ಅವನ ಮೊದಲ ಪ್ರಶ್ನೆ “ಏನಾದ್ರೂ ಗೊತ್ತಾಯ್ತಾ?” ಎಂದೇ. ಯಾರ ಬಗ್ಗೆ ಎಂದು ನಾನು ಕೇಳುವುದಿಲ್ಲ.

ಹುಡುಕಿಲ್ಲವೆಂದಲ್ಲ. ಆಗ ಅವರ ಮನೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡಿನ ಹಿಂದೆ ಎಲ್ಲೋ ಇತ್ತು. ಹೋದ ನವೆಂಬರಿನಲ್ಲಿ ಎರಡು ಭಾನುವಾರ ಅಲ್ಲಿ ಸುತ್ತಾಡಿದೆವು. ಹೂವಿನಂಗಡಿಯವರೊಬ್ಬರಿಗೆ ನೆನಪಿತ್ತು. “ಕನಕಾಂಬರ ತಗೋತಿದ್ರು, ಮಕ್ಕಳ ಕಾಲುಚೀಲ ಹಾಕೋರು ತಾನೇ? ಮನೆ ಖಾಲಿ ಮಾಡಿ ತುಂಬಾ ದಿನ ಆಯ್ತಮ್ಮಾ,” ಎಂದರು. ಕೆ.ಆರ್. ಪುರದ ಕಡೆ ಯಾವುದೋ ಶಾಲೆಗೆ ಸೇರಿದರೆಂದು ಒಬ್ಬರು, ಆರೋಗ್ಯ ಸರಿಯಿಲ್ಲದೆ ತಂಗಿಯ ಮನೆಗೆ ಹೋದರೆಂದು ಇನ್ನೊಬ್ಬರು ಹೇಳಿದರು. ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ. ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆಯಿದೆ.

ನನಗೆ ಗೊತ್ತಿರುವುದು ಇಷ್ಟೆ. ನಮಗೆಲ್ಲ ಅವರು ಬರೀ ಮಿಸ್, ಹೆಸರೇನೆಂದು ಯಾರೂ ಕೇಳಿರಲಿಲ್ಲ. ಅವರಿಗೆ ಈಗ ಅರವತ್ತು ದಾಟಿರಬೇಕು. ಕನ್ನಡ, ತಮಿಳು ಎರಡನ್ನೂ ಮನೆಮಾತಿನಂತೆ ಆಡುತ್ತಾರೆ. ಮಕ್ಕಳನ್ನು ಅವರ ಹೆಸರಿನಿಂದಲ್ಲ, ತಾವಿಟ್ಟ ಅಡ್ಡಹೆಸರಿನಿಂದ ಕರೆಯುತ್ತಾರೆ. ಅವರು ಯಾವ ಶಾಲೆಯಲ್ಲಿದ್ದರೂ ಸಂಕ್ರಾಂತಿ ಕಳೆದ ಮೇಲೆ ಅಲ್ಲಿನ ಮಕ್ಕಳು ಮಧ್ಯಾಹ್ನ ಎಲ್ಲಿಗೋ ಕಾಣೆಯಾಗುತ್ತಿರುತ್ತಾರೆ. ಅಂಥದ್ದೊಂದು ಶಾಲೆ ನಿಮ್ಮ ಕಡೆ ಇದ್ದರೆ, ನಿಮ್ಮ ಮನೆಯ ಮಗು ಅಂಥ ಮಿಸ್ ಬಗ್ಗೆ ಒಂದು ಮಾತು ಹೇಳಿದರೂ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ತಂಗಿಯ ಮನೆ ಎಲ್ಲಿದೆಯೆಂದು ಗೊತ್ತಿದ್ದವರು ಇನ್ನೂ ಬೇಗ ಬರೆಯಿರಿ. ಅವರು ಹುಷಾರಿಲ್ಲದೆ ಮಲಗಿದ್ದರೆ ಪಕ್ಕದಲ್ಲಿ ಕೂರಲು ನಾವಿದ್ದೇವೆ. ಆಗ ಅಲ್ಲಿ ಮಲಗುತ್ತಿದ್ದವರಲ್ಲಿ ಮೂವತ್ತೊಂದು ಮಂದಿಯನ್ನು ಕೇಳಿದ್ದೇನೆ, ಒಬ್ಬರೂ ಆಗಲ್ಲ ಎನ್ನಲಿಲ್ಲ. ಸರದಿಯ ಮೊದಲ ರಾತ್ರಿ ತನ್ನದೇ ಎಂದು ಸ್ಟೀಫನ್ ಹಟ ಹಿಡಿದಿದ್ದಾನೆ.